ಎಂ.ಜಿ. ರೋಡಿನ ಇನ್ನೊಂದು ಬದಿ

2024ರ ಜುಲೈ ತಿಂಗಳ ಆ ಸುದ್ದಿ ನಿಮಗೂ ನೆನಪಿರಬಹುದು. ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಮಗನ ಜೊತೆ ಸಿನಿಮಾ ನೋಡೋಕೆ ಬಂದಿದ್ದ ಹಿರಿಯ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆ ಅನ್ನೋ ಕಾರಣಕ್ಕೆ ಬಾಗಿಲಲ್ಲೇ ತಡೆದರು. ಆ ವಿಡಿಯೋ ಎಲ್ಲರ ಫೋನಿಗೂ ಹರಿಯಿತು, ಸದನದಲ್ಲಿ ಚರ್ಚೆಯಾಯಿತು, ಮಾಲನ್ನು ಒಂದು ವಾರ ಮುಚ್ಚಿಸುತ್ತೇವೆ ಅಂತ ಸರ್ಕಾರ ಹೇಳಿತು. ಅದೇ ವರ್ಷ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಬಟ್ಟೆ ಗಂಟು ಹೊತ್ತಿದ್ದ ರೈತರೊಬ್ಬರನ್ನು, ಬಟ್ಟೆ ಕೊಳೆಯಾಗಿದೆ ಅಂತ ತಡೆದಿದ್ದರು. ಸಹಪ್ರಯಾಣಿಕರು ಜಗಳ ತೆಗೆದ ಮೇಲೆ ಒಳಗೆ ಬಿಟ್ಟರು.

ನಾನೂ ಎಲ್ಲರ ಹಾಗೆ ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕಿದೆ. ಅನ್ನ ಕೊಡೋ ಕೈ, ಬೆನ್ನೆಲುಬು, ಹೀಗೆ ಏನೇನೋ ಬರೆದೆ. ಆಫೀಸಿನವರೆಲ್ಲ ಕೈ ಮುಗಿಯೋ ಇಮೋಜಿ ಕಳಿಸಿದರು. ರಾತ್ರಿ ಮಲಗುವ ಹೊತ್ತಿಗೆ ಅದನ್ನು ನಾನೇ ಅಳಿಸಿದೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮೂರು ಬುಕ್ಕಾಪಟ್ಟಣ. ಶಿರಾ ತಾಲ್ಲೂಕು. 2019ರಲ್ಲಿ ನಮ್ಮ ಕಡೆ ಕಾಡನ್ನು ಚಿಂಕಾರ ವನ್ಯಧಾಮ ಅಂತ ಘೋಷಣೆ ಮಾಡಿದ ಮೇಲೆ ಪೇಪರಿನಲ್ಲಿ ಒಂದೆರಡು ಸಲ ಹೆಸರು ಬಂತು. ಅದಕ್ಕೆ ಮುಂಚೆ ಬೆಂಗಳೂರಲ್ಲಿ ಯಾರಾದರೂ ಊರು ಕೇಳಿದರೆ "ತುಮಕೂರು ಕಡೆ" ಅಂದು ಮುಗಿಸುತ್ತಿದ್ದೆ. ಮಳೆ ಬಂದರೆ ಕಡಲೆಕಾಯಿ, ರಾಗಿ. ಬರದಿದ್ದರೆ ಕುರಿ.

2006ರಲ್ಲಿ ಸಿಇಟಿ ಕೌನ್ಸೆಲಿಂಗ್‌ಗೆ ಅಪ್ಪನ ಜೊತೆ ಬೆಂಗಳೂರಿಗೆ ಬಂದೆ. ಮಲ್ಲೇಶ್ವರದಲ್ಲಿ ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು, ಸೀಟು ಸಿಕ್ಕಿತು. ಅಪ್ಪ ಖುಷಿಯಲ್ಲಿದ್ದರು. "ಎಂಜಿ ರೋಡು ಅಂತಾರಲ್ಲ, ನೋಡ್ಕಂಡೇ ಹೋಗನ ನಡಿ. ಮತ್ತೆ ಯಾವಾಗ ಬತ್ತೀವೋ ಏನೋ" ಅಂದರು. ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ನನ್ನ ಮಾರ್ಕ್ಸ್ ಕಾರ್ಡು ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರ್ರು. ಸಿಟಿ ಬಸ್ ಹತ್ತಿ ಹೋದೆವು.

ಆ ರಸ್ತೆ ಆಗ ಹೇಗಿತ್ತು ಅನ್ನೋದನ್ನ ಈಗ ಬೆಂಗಳೂರಿಗೆ ಬಂದ ಹುಡುಗರಿಗೆ ವಿವರಿಸೋದು ಕಷ್ಟ. ದಕ್ಷಿಣದ ಬದಿಯಲ್ಲಿ ಸಾಲು ಅಂಗಡಿಗಳು. ಪುಸ್ತಕದ ಅಂಗಡಿ, ಸೀರೆ ಅಂಗಡಿ, ವಾಚು, ಬೂಟು, ಐಸ್‌ಕ್ರೀಮು, ಬ್ರಿಗೇಡ್ ರೋಡು ಕೂಡುವ ಮೂಲೆಯಲ್ಲಿ ಗಂಧದ ವಾಸನೆ ಬರೋ ಕಾವೇರಿ ಎಂಪೋರಿಯಂ. ಎಲ್ಲದರ ತಲೆ ಮೇಲೆ 1973ರ ಯುಟಿಲಿಟಿ ಬಿಲ್ಡಿಂಗು. ಅಪ್ಪ ಟವೆಲ್ಲನ್ನು ಹಣೆಗೆ ಅಡ್ಡ ಹಿಡಿದು ಅದರ ಮಹಡಿ ಎಣಿಸಿದರು. ಎರಡು ಸಲ ಎಣಿಸಿದರು. ಇಪ್ಪತ್ತೈದು ಸರಿಯಾಗಿ ಬಂದ ಮೇಲೇ ಅವರಿಗೆ ಸಮಾಧಾನ.

ಉತ್ತರದ ಬದಿಯಲ್ಲಿ ಅಂಗಡಿ ಇರಲಿಲ್ಲ. ಅಲ್ಲಿ ಇದ್ದದ್ದು ಬುಲೆವಾರ್ಡ್: ಮರ, ಕಾಗದದ ಹೂವಿನ ಬಳ್ಳಿ, ನಡೆಯೋ ದಾರಿ, ಕೂರೋಕೆ ಬೆಂಚು. ಅದರಾಚೆ ಪೆರೇಡ್ ಮೈದಾನ. ನಾವು ಒಂದು ಬೆಂಚಿನ ಮೇಲೆ ಕೂತು ಅವ್ವ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿಂದೆವು. ಎದುರಿಗೆ ರಸ್ತೆಯಾಚೆ ಇಡೀ ಎಂ.ಜಿ. ರೋಡು ಸಿನಿಮಾ ಪರದೆ ಥರ ಹರಡಿಕೊಂಡಿತ್ತು. ಟಿಕೆಟ್ ಇರಲಿಲ್ಲ. ಯಾರೂ ಬಂದು ಏಳಿ ಅನ್ನಲಿಲ್ಲ. ಆಮೇಲೆ ಆಗ ಆ ರಸ್ತೆಯಲ್ಲೇ ಇದ್ದ ಇಂಡಿಯನ್ ಕಾಫಿ ಹೌಸಿಗೆ ಹೋದೆವು. ಪೇಟ ಕಟ್ಟಿದ ಸಪ್ಲೈಯರ್ ಬಂದಾಗ ಅಪ್ಪ ಅರ್ಧ ಎದ್ದು ನಿಂತುಬಿಟ್ಟರು, ಯಾರೋ ದೊಡ್ಡೋರು ಅಂತ. ಆತ ನಗುತ್ತಾ ಕಾಫಿ ಇಟ್ಟು ಹೋದ. ಊರಿಗೆ ಹೋದ ಮೇಲೆ ಅಪ್ಪ ಅವ್ವನಿಗೆ ನನ್ನ ಸೀಟಿನ ವಿಷಯಕ್ಕಿಂತ ಮೊದಲು ಹೇಳಿದ್ದು ಇದನ್ನೇ. "ದಿವಾನ್ರ ಥರ ಪೇಟ ಕಟ್ಕಂಡ್ ಬಂದು ನಂಗೆ ಕಾಫಿ ಕೊಟ್ಟ ಕಣಮ್ಮಿ."

ಆ ರಸ್ತೆಗೆ ಅಂಥ ಆಕಾರ ಯಾಕೆ ಬಂತು ಅನ್ನೋದು ನನಗೆ ತಿಳಿದದ್ದು ಆಮೇಲೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಇಲ್ಲಿಗೆ ತಂದು ದಂಡು ಕಟ್ಟಿದರು. ನಡುವೆ ಕವಾಯತಿನ ಮೈದಾನ. ಅದರ ದಕ್ಷಿಣದ ಅಂಚು ಸೌತ್ ಪೆರೇಡ್. ಬ್ರಿಗೇಡ್, ಇನ್‌ಫೆಂಟ್ರಿ, ಆರ್ಟಿಲರಿ ಅಂತ ಅಕ್ಕಪಕ್ಕದ ರಸ್ತೆಗಳ ಹೆಸರು ನೋಡಿದರೇ ಗೊತ್ತಾಗುತ್ತೆ ಇದು ಯಾರಿಗಾಗಿ ಕಟ್ಟಿದ್ದು ಅಂತ. ದೊರೆಗಳು, ದೊರೆಸಾನಿಯರು ಕೊಳ್ಳೋಕೆ ಅಂಗಡಿಗಳು ಬಂದವು. 1948ರಲ್ಲಿ, ಗಾಂಧಿ ತೀರಿಕೊಂಡ ಮೇಲೆ, ಸೌತ್ ಪೆರೇಡ್ ಹೋಗಿ ಮಹಾತ್ಮ ಗಾಂಧಿ ರಸ್ತೆ ಆಯಿತು. ಮೊಣಕಾಲ ಮೇಲೆ ತುಂಡು ಬಟ್ಟೆ ಉಡುತ್ತಿದ್ದ ಮನುಷ್ಯನ ಹೆಸರನ್ನು ಊರಿನ ಅತಿ ದುಬಾರಿ ಬಟ್ಟೆ ಮಾರೋ ರಸ್ತೆಗೆ ಇಟ್ಟೆವು. ಇದು ನಮ್ಮೂರಿನ ತಮಾಷೆ ಮಾತ್ರ ಅಲ್ಲ, ದೇಶದ ಎಷ್ಟೋ ಊರುಗಳಲ್ಲಿ ಹೀಗೇ ಆಗಿದೆ. ಆ ಮನುಷ್ಯ ಇವತ್ತು ಆ ವೇಷದಲ್ಲಿ ತನ್ನದೇ ಹೆಸರಿನ ರಸ್ತೆಗೆ ಬಂದರೆ ಎಷ್ಟು ಬಾಗಿಲು ತೆಗೀತವೆ ಅನ್ನೋ ಪ್ರಶ್ನೆ ಸುಲಭದ್ದು. ಸುಲಭದ ಪ್ರಶ್ನೆಗಳ ತೊಂದರೆ ಏನಂದರೆ ಅದರಲ್ಲಿ ತಪ್ಪು ಯಾವಾಗಲೂ ಬೇರೆಯವರದು.

ಈಗ 2012ಕ್ಕೆ ಬರ್ತೀನಿ.

ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಮೊದಲ ಸಲ ಆನ್‌ಸೈಟ್ ಅವಕಾಶ ಬಂತು. ಕಳಿಸಿಕೊಡೋಕೆ ಅಂತ ಅಪ್ಪ ಊರಿಂದ ಬಂದಿದ್ದರು. ಚಳಿ ದೇಶ, ಒಂದು ಒಳ್ಳೆ ಕೋಟು ತಗೋಬೇಕು. ಎಂ.ಜಿ. ರೋಡಿಗೆ ಹೊರಟೆವು. ರೂಮಲ್ಲೇ ಕೇಳಿದೆ, "ಅಪ್ಪ, ಪ್ಯಾಂಟ್ ಹಾಕ್ಕೊಳ್ಳಲ್ವಾ? ನಂದೇ ಒಂದಿದೆ." ಅವರು ನಕ್ಕರು. "ಯಾಕ್ಲಾ, ಪಂಚೆಗೇನಾಗೈತೆ?" ಏನೂ ಆಗಿರಲಿಲ್ಲ. ತೊಳೆದು ಇಸ್ತ್ರಿ ಮಾಡಿಸಿದ ಪಂಚೆ. ನಾನು ಸುಮ್ಮನಾದೆ.

ಮೆಟ್ರೊ ಹಿಂದಿನ ವರ್ಷ ಅಕ್ಟೋಬರಿನಲ್ಲಿ ಶುರುವಾಗಿತ್ತು. ಉತ್ತರದ ಬದಿಯಲ್ಲಿ ಮರ ಇರಲಿಲ್ಲ, ಬೆಂಚು ಇರಲಿಲ್ಲ. ತಲೆ ಮೇಲೆ ಕಾಂಕ್ರೀಟಿನ ಹಳಿ, ಕೆಳಗೆ ಕೆಲಸ ನಡೆಯೋ ಜಾಗ. ಕಾಫಿ ಹೌಸು 2009ರಲ್ಲೇ ಚರ್ಚ್ ಸ್ಟ್ರೀಟಿಗೆ ಹೋಗಿತ್ತು. ಅಪ್ಪ ಆ ಕಡೆ ಈ ಕಡೆ ನೋಡಿ "ನಾವ್ ಕುಂತಿದ್ ಬೆಂಚೆಲ್ಲೋ?" ಅಂದರು.

ಶೋರೂಮಿನ ಬಾಗಿಲು. ಒಂದು ಆಳೂವರೆ ಎತ್ತರದ ಗಾಜು, ಉದ್ದದ ಸ್ಟೀಲು ಹಿಡಿ. ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಸೆಕ್ಯೂರಿಟಿಯವರು ಏನೂ ಅನ್ನಲಿಲ್ಲ. ನಮ್ಮಿಬ್ಬರಿಗೂ ಸೇರಿಸಿ ಬಾಗಿಲು ತೆಗೆದು ಹಿಡಿದಿದ್ದರು, ನಮಸ್ಕಾರವನ್ನೂ ಹೇಳಿದರು. ಒಳಗಿನ ಎಸಿ ಗಾಳಿ ಮುಖಕ್ಕೆ ಬಂತು, ಒಳಗೆ ನನ್ನ ವಯಸ್ಸಿನ ಒಂದು ಗುಂಪು ಇಂಗ್ಲಿಷಿನಲ್ಲಿ ಮಾತಾಡ್ತಾ ನಿಂತಿತ್ತು. ನಾನು ಹಿಂದಕ್ಕೆ ತಿರುಗಿ ಅಪ್ಪನ ಕಡೆ ನೋಡಿದೆ. ಅಷ್ಟೇ. ಏನೂ ಹೇಳಲಿಲ್ಲ. ಆದರೆ ನನ್ನ ಮುಖದಲ್ಲಿ ಏನಿತ್ತೋ ಅದನ್ನ ಅವರು ಓದಿದರು. ನಲವತ್ತು ವರ್ಷ ಸಂತೆಯಲ್ಲಿ ಕುರಿ ಮಾರಿದ ಮನುಷ್ಯ, ಎದುರಿಗೆ ನಿಂತವನ ಮುಖ ಓದೋಕೆ ಬರಲ್ವಾ?

"ನೀ ಹೋಗ್ ಬಾರಪ್ಪ. ಎಸಿ ನಂಗೆ ಆಗಕ್ಕಿಲ್ಲ. ಇಲ್ಲೇ ನಿಂತಿರ್ತೀನಿ" ಅಂದರು.

ನನಗೆ ಹಗುರಾಯಿತು. ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದ್ದು ಇದೊಂದೇ ವಾಕ್ಯ. ಬೇಡ ಬನ್ನಿ ಅನ್ನಲಿಲ್ಲ, ಕೈ ಹಿಡಿದು ಎಳೆಯಲಿಲ್ಲ. ಹಗುರಾಯಿತು, ಒಳಗೆ ಹೋದೆ. ಮುಕ್ಕಾಲು ಗಂಟೆ ಕೋಟು ಹಾಕಿ ಬಿಚ್ಚಿ ನೋಡಿದೆ.

ಹೊರಗೆ ಬಂದಾಗ ಅಪ್ಪ ಬಸ್‌ಸ್ಟಾಪಿನ ಕಂಬದ ನೆರಳಲ್ಲಿ ನಿಂತಿದ್ದರು. ಕಂಬದ ನೆರಳು ಎಷ್ಟಿರುತ್ತೆ ಹೇಳಿ. ಕೂರೋಕೆ ಎಲ್ಲೂ ಜಾಗ ಇರಲಿಲ್ಲ. ಮುಖದಲ್ಲಿ ಬೇಜಾರೇನೂ ಕಾಣಲಿಲ್ಲ, ಬದಲಿಗೆ ಏನೋ ಕಂಡುಹಿಡಿದವರ ಥರ ಇದ್ದರು. "ನಲವತ್ತಾರು ಜನ ಒಳಕ್ ಹೋದ್ರು ಕಣಪ್ಪ. ಕವರ್ ಹಿಡ್ಕಂಡ್ ಬಂದೋರು ಹನ್ನೊಂದೇ ಜನ. ಇದೂ ಸಂತೆನೇ. ನೋಡಕ್ ಬರೋರೇ ಜಾಸ್ತಿ. ಚೌಕಾಸಿ ಒಂದಿಲ್ಲ ಅಷ್ಟೇ."

ಆ ಮಾತು ಇಷ್ಟು ವರ್ಷ ನನ್ನ ಜೊತೆ ಇದೆ.

ಇದೂ ಸಂತೆನೇ. ಹೌದಾ? ಸಂತೆಯಲ್ಲಿ ಮಾರೋನೂ ಕೊಳ್ಳೋನೂ ಒಂದೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿರ್ತಾರೆ. ಬಾಗಿಲಿಲ್ಲ, ಗೋಡೆಯಿಲ್ಲ. ಎರಡು ಕಡೆಯವರಿಗೂ ಬಾಯಿ ಇರುತ್ತೆ. ಇಷ್ಟು ಅಂತ ಒಬ್ಬ, ಇಷ್ಟಕ್ಕೆ ಕೊಡು ಅಂತ ಇನ್ನೊಬ್ಬ. ಬಡವನಿಗೂ ಬೆಲೆಯ ಬಗ್ಗೆ ಒಂದು ಮಾತಾಡೋ ಹಕ್ಕಿರುತ್ತೆ. ಆದರೆ ಅಲ್ಲಿ ಒಂದು ಕಟ್ಟುಪಾಡು ಇದೆ: ಬೋಣಿ ಹೊತ್ತಲ್ಲಿ ಬೆಲೆ ಕೇಳಿ ಸುಮ್ಮನೆ ಹೋಗೋ ಹಾಗಿಲ್ಲ. ಬೈತಾರೆ. ಕೇಳಿದ್ಮೇಲೆ ಏನಾದ್ರೂ ತಗೋಬೇಕು.

ಸುಮ್ಮನೆ ಒಳಗೆ ಹೋಗಿ, ನೋಡಿ, ಏನೂ ಕೊಳ್ಳದೆ ಬರಬಹುದು ಅನ್ನೋದು ದೊಡ್ಡ ಪೇಟೆ ಬೀದಿ ಕೊಟ್ಟ ಸೌಲಭ್ಯ. ಹತ್ತೊಂಬತ್ತನೇ ಶತಮಾನದ ಪ್ಯಾರಿಸಿನಲ್ಲಿ ಇದು ಬೆಳೆಯಿತು. ಮೊದಲು ಗಾಜಿನ ಚಾವಣಿಯ ಅಂಗಡಿ ಓಣಿಗಳು ಬಂದವು. ಆಮೇಲೆ 1852ರಿಂದ ಬೂಸಿಕೋ ಅನ್ನೋನು ಬಾನ್ ಮಾರ್ಶೆ ಅನ್ನೋ ಅಂಗಡಿಯನ್ನು ದೊಡ್ಡದು ಮಾಡುತ್ತಾ ಹೋದಾಗ ಎರಡು ನಿಯಮ ಜನಪ್ರಿಯವಾದವು: ಎಲ್ಲರಿಗೂ ಒಂದೇ ಬೆಲೆ, ಚೀಟಿ ಮೇಲೆ ಬರೆದದ್ದು, ಮತ್ತು ಯಾರು ಬೇಕಾದರೂ ಒಳಗೆ ಬಂದು ನೋಡಬಹುದು, ಕೊಳ್ಳಲೇಬೇಕು ಅಂತಿಲ್ಲ. ಇದರಲ್ಲಿ ಸಮಾನತೆ ಇದೆ. ಎಂ.ಜಿ. ರೋಡಿನ ಬೆಲೆ ಚೀಟಿ ನನಗೂ ಒಂದೇ, ಮಂತ್ರಿ ಮಗನಿಗೂ ಒಂದೇ. ಆದರೆ ಅದೇ ಚೀಟಿ ನಮ್ಮ ಬಾಯಿಯನ್ನೂ ಮುಚ್ಚಿಸುತ್ತೆ. ಸಂತೆಯಲ್ಲಿ ದುಡ್ಡು ಕಮ್ಮಿ ಇದ್ದರೆ ಮಾತು ಜಾಸ್ತಿ ಆಗುತ್ತೆ. ಶೋರೂಮಿನಲ್ಲಿ ದುಡ್ಡು ಕಮ್ಮಿ ಇದ್ದರೆ ನಾವೇ ಚೀಟಿ ತಿರುಗಿಸಿ ನೋಡಿ, ಬಟ್ಟೆಯನ್ನ ಮೆತ್ತಗೆ ಹ್ಯಾಂಗರಿಗೆ ಹಾಕಿ, ಬಣ್ಣ ಇಷ್ಟ ಆಗಲಿಲ್ಲ ಅನ್ನೋ ಮುಖ ಮಾಡಿ ಬರ್ತೀವಿ. ನೀವೂ ಮಾಡಿರ್ತೀರಿ, ಸುಳ್ಳು ಹೇಳಬೇಡಿ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಫೈರ್‌ವಾಲ್ ಬರೆಯೋಕೆ ಎರಡು ದಾರಿ. ಎಲ್ಲರನ್ನೂ ಬಿಡು, ಬೇಡದವರನ್ನು ತಡೆ. ಅಥವಾ ಎಲ್ಲರನ್ನೂ ತಡೆ, ಬೇಕಾದವರನ್ನು ಬಿಡು. ಬೀದಿ ಮೊದಲನೇದು, ಗೇಟು ಇರೋ ಕಾಲೇಜು, ಕ್ಲಬ್ಬು ಎರಡನೇದು. ಶೋರೂಮು, ಮಾಲು ವಿಚಿತ್ರ. ಹೊರಗಿಂದ ನೋಡಿದರೆ ಮೊದಲನೇದು, ಒಳಗಿನ ನಿಯಮ ಎರಡನೇದು. ಅದರ ನಿಯಮಗಳು ಎಲ್ಲೂ ಬರೆದಿಲ್ಲ. ಗಾಜು, ಎಸಿ, ದೀಪ, ಹೊಳೆಯೋ ನೆಲ ಇವೇ ನಿಯಮ. ಅವನ್ನ ನೋಡಿ, ತನಗೆ ಪ್ರವೇಶ ಇದೆಯೋ ಇಲ್ಲವೋ ಅಂತ ಬಂದವನೇ ತೀರ್ಮಾನ ಮಾಡಿಕೊಳ್ಳಬೇಕು. ಸೆಕ್ಯೂರಿಟಿಯವರು ತಡೆಯೋ ಪ್ರಸಂಗ ಅಪರೂಪ. ಅದಕ್ಕೇ ಅದು ಸುದ್ದಿಯಾಗುತ್ತೆ. ಹೊರಗೇ ನಿಂತವರ ಲೆಕ್ಕ ಯಾರೂ ಇಡಲ್ಲ.

ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಬಾಗಿಲುಗಳ ಬಗ್ಗೆ ಮಾತಾಡುತ್ತೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು, ಈ ಕಾರಣಕ್ಕೆ ಯಾರನ್ನೂ ತಡೆಯಬಾರದು ಅಂತ ಹೇಳಿ, ಜಾಗಗಳ ಪಟ್ಟಿ ಕೊಡುತ್ತೆ. ಆ ಪಟ್ಟಿಯಲ್ಲಿ ಮೊದಲು ಬರೋದು ದೇವಸ್ಥಾನ ಅಲ್ಲ, ಶಾಲೆಯೂ ಅಲ್ಲ. ಅಂಗಡಿ. ಆಮೇಲೆ ಹೋಟೆಲು, ಮನರಂಜನೆಯ ಜಾಗ, ಬಾವಿ, ಕೆರೆ, ರಸ್ತೆ. ಅಂಗಡಿಯ ಹೊಸ್ತಿಲಲ್ಲಿ ಎಂಥ ಅವಮಾನ ಆಗಬಹುದು ಅಂತ ಬರೆದವರಿಗೆ ಗೊತ್ತಿತ್ತು. ಆದರೆ ಕಾರಣಗಳ ಪಟ್ಟಿಯಲ್ಲಿ ಉಟ್ಟ ಬಟ್ಟೆ ಇಲ್ಲ, ಬಡತನ ಇಲ್ಲ. ಮಗನ ಮುಖ ಅಂತೂ ಯಾವ ಕಾನೂನಿಗೂ ಸಿಗಲ್ಲ.

ಇದನ್ನೆಲ್ಲ ಒಂದು ದಿನ ನನ್ನ ಹಳೇ ರೂಮ್‌ಮೇಟ್ ಹತ್ತಿರ ಹೇಳಿದೆ. ಅವನೂ ನಮ್ಮ ಕಡೆಯವನೇ. ದಲಿತ ಕುಟುಂಬ. ಸಂತೆಯನ್ನು ನಾನು ಹೊಗಳೋದನ್ನ ಪೂರ್ತಿ ಕೇಳಿಸಿಕೊಂಡು ಹೇಳಿದ, "ಮಗಾ, ನಿಂಗೆ ಎಂ.ಜಿ. ರೋಡಿನ ಗಾಜು ಚುಚ್ಚುತ್ತೆ. ನಂಗೆ ನಮ್ಮೂರ ಹೋಟ್ಲು ಲೋಟ ಚುಚ್ಚುತ್ತೆ. ನಮ್ಮಪ್ಪಂಗೆ ಬೇರೆ ಲೋಟ ಇಟ್ಟಿದ್ರು, ತೊಳೆದಿಟ್ಟು ಬರ್ಬೇಕಾಗಿತ್ತು. ಇಲ್ಲಿ ದುಡ್ಡಿದ್ರೆ ಒಳಗೆ. ಅಲ್ಲಿ ದುಡ್ಡಿದ್ರೂ ಹೊರಗೆ. ಬ್ರಿಗೇಡ್ ರೋಡಲ್ಲಿ ನೀನು ಯಾರ ಮಗ ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ. ಅದಕ್ಕೇ ನಂಗೆ ಆ ರೋಡು ಇಷ್ಟ."

ನಾನು ಉತ್ತರ ಕೊಡಲಿಲ್ಲ. ನನ್ನ ಅಪ್ಪನಿಗೆ ಆ ಹೋಟೆಲಿನಲ್ಲಿ ಎಲ್ಲರ ಲೋಟದಲ್ಲೇ ಟೀ ಕೊಡ್ತಿದ್ದರು. ಅಂದರೆ ಬಾಗಿಲ ಹೊರಗೆ ನಿಲ್ಲೋದು ಏನು ಅಂತ ನಮ್ಮ ಮನೆಗೆ ಗೊತ್ತಾಗಿದ್ದು ಎಂ.ಜಿ. ರೋಡಿನಲ್ಲಿ, ಅದೂ ಮುಕ್ಕಾಲು ಗಂಟೆ. ಅವರ ಮನೆಗೆ ತಲೆಮಾರುಗಳಿಂದ. ಸಂತೆಯ ನೆಲ ಎಲ್ಲರಿಗೂ ಒಂದೇ ಅನ್ನೋದು ಆ ನೆಲದ ಮೇಲೆ ಆರಾಮಾಗಿ ಕೂತವರ ಮಾತು. ಆದ್ದರಿಂದ ಹಳ್ಳಿ ಒಳ್ಳೇದು, ಸಿಟಿ ಕೆಟ್ಟದ್ದು ಅನ್ನೋ ತೀರ್ಮಾನಕ್ಕೆ ನಾನು ಬರಲಾರೆ. ಗುರುತು ಕೇಳದ ಬೀದಿ ದೊಡ್ಡ ವಿಷಯ. ಅದನ್ನ ಕಳಕೊಳ್ಳಬಾರದು.

ಹಾಗಾದರೆ ಏನು ಬೇಕು? ನನಗೆ ಅನಿಸೋದು ಎರಡು.

ಒಂದು, ಬೀದಿಗೆ ಇನ್ನೊಂದು ಬದಿ ಬೇಕು. ಆ ಹಳೇ ಎಂ.ಜಿ. ರೋಡಿನ ಚೆಲುವು ಇದ್ದದ್ದು ಅಂಗಡಿ ಸಾಲಿನಲ್ಲಿ ಅಲ್ಲ ಅಂತ ಈಗ ಅನಿಸುತ್ತೆ. ಒಂದು ಕಡೆ ಮಾರುತ್ತಿದ್ದರು, ಇನ್ನೊಂದು ಕಡೆ ಏನನ್ನೂ ಮಾರುತ್ತಿರಲಿಲ್ಲ. ದುಡ್ಡಿದ್ದವರು ರಸ್ತೆ ದಾಟಿ ಹೋಗ್ತಿದ್ದರು. ಇಲ್ಲದವರು ಮರದ ಕೆಳಗೆ ಕೂತು ಅದೇ ಚೆಲುವನ್ನ ನೋಡ್ತಿದ್ದರು, ಅವರ ಮರ್ಯಾದೆಗೆ ಏನೂ ಆಗ್ತಿರಲಿಲ್ಲ. ಕಟ್ಟಿದ ದೊರೆಗಳಿಗೆ ಈ ಉದ್ದೇಶ ಇತ್ತು ಅಂತಲ್ಲ, ಅವರಿಗೆ ಬೇಕಿದ್ದದ್ದು ಕವಾಯತು. ಆದರೂ ಸಿಕ್ಕಿತ್ತು. 2013ರಲ್ಲಿ ಮೆಟ್ರೊ ಹಳಿಯ ಕೆಳಗೆ ರಂಗೋಲಿ ಕಲಾಕೇಂದ್ರ ಅಂತ ಮಾಡಿ ಮತ್ತೆ ನಡೆಯೋ ದಾರಿ, ಕೂರೋ ಜಾಗ ಕೊಟ್ಟರು. ಮೆಟ್ರೊ ಬೇಡ ಅಂತ ನಾನು ಹೇಳ್ತಿಲ್ಲ, ದಿನಾ ಅದರಲ್ಲೇ ಓಡಾಡೋನು. ಆದರೆ ಈ ಊರಲ್ಲಿ ಹೊಸ ಮಾಲು, ಹೊಸ ಟೆಕ್‌ಪಾರ್ಕು ಎದ್ದಾಗಲೆಲ್ಲ ನಾನು ಹುಡುಕೋದು ಅದನ್ನೇ: ಏನೂ ಕೊಳ್ಳದವನು ಎಲ್ಲಿ ಕೂರಬೇಕು? ನೆರಳು ಎಲ್ಲಿ? ಕುಡಿಯೋ ನೀರು ಎಲ್ಲಿ? ಹೆಚ್ಚಿನ ಕಡೆ ಉತ್ತರ ಕಂಬದ ನೆರಳು.

ಎರಡನೇದು ಕಟ್ಟಡದ ವಿಷಯ ಅಲ್ಲ. ಮಾಗಡಿ ರಸ್ತೆಯ ಆ ವಿಡಿಯೋದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಮಾಲಿನವರಲ್ಲ, ಆ ಮಗ. ಅವನು ಅಪ್ಪನ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಮುಚ್ಚಿದ ಬಾಗಿಲು ಸಿಕ್ಕಿತ್ತು, ಅಪ್ಪನ ಬಿಟ್ಟು ಹೋಗಲಿಲ್ಲ. ನನಗೆ ತೆರೆದ ಬಾಗಿಲು ಸಿಕ್ಕಿತ್ತು. ಅಲ್ಲಿ ತಡೆದದ್ದು ನಾನು. ಹಳ್ಳಿಯಿಂದ ಬಂದು, ಕಷ್ಟಪಟ್ಟು ಇಂಗ್ಲಿಷು ಕಲಿತು, ಒಳಗೆ ಹೋಗೋದು ಹೇಗೆ ಅಂತ ತಿಳಿದುಕೊಂಡ ನಾವು, ಬಾಗಿಲಿನ ನಿಯಮಗಳನ್ನ ಬಾಗಿಲಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತೀವಿ. ನಮ್ಮ ಪಾಸು ರದ್ದಾಗಿಬಿಡುತ್ತೇನೋ ಅನ್ನೋ ಭಯ. ಆ ಭಯ ಎಲ್ಲಿಂದ ಬಂತು ಅಂತ ಸಮಾಜವನ್ನ ಕೇಳಬಹುದು, ಕೇಳಲೂಬೇಕು. ಆದರೆ ನಾಚಿಕೆ ನನ್ನೊಳಗೆ ಹೇಗೇ ಬಂದಿರಲಿ, ಅದರ ಬೆಲೆಯನ್ನ ಅಪ್ಪನಿಂದ ಕೊಡಿಸಿದ್ದು ನಾನು. ಅದನ್ನ ಯಾವ ವ್ಯವಸ್ಥೆಯ ಲೆಕ್ಕಕ್ಕೂ ಬರೆಯೋಕೆ ಆಗಲ್ಲ.

ಆಫೀಸಿನಲ್ಲಿ ನಾನೊಂದು ತಮಾಷೆ ಮಾಡ್ತಿರ್ತೀನಿ, ಬೆಂಗಳೂರನ್ನ ಮಾರಿದ್ದೇ ನಮ್ಮ ಶಿರಾದವರು ಅಂತ. 1687ರಲ್ಲಿ ಮೊಗಲರ ಕಾಸಿಂ ಖಾನ್ ಈ ಊರನ್ನ ಹಿಡಿದು, ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಕೊಟ್ಟ. ಆಮೇಲೆ ಅವನು ಸುಬೇದಾರನಾಗಿ ಕೂತದ್ದು ಶಿರಾದಲ್ಲಿ. ಹೈದರನ ಲಾಲ್‌ಬಾಗಿಗೆ ಶಿರಾದ ತೋಟವೇ ಮಾದರಿ ಅಂತಾನೂ ಹೇಳ್ತಾರೆ. ಈ ಕಥೆಯನ್ನ ಹೊಸಬರಿಗೆಲ್ಲ ಹೇಳಿ ಎದೆ ಉಬ್ಬಿಸ್ತೀನಿ. ಮುನ್ನೂರು ವರ್ಷದ ಹಿಂದಿನ ಶಿರಾ ಹೇಳಿಕೊಳ್ಳೋಕೆ ಹೆಮ್ಮೆ. ಪಕ್ಕದಲ್ಲಿ ನಿಂತಿದ್ದ ಬುಕ್ಕಾಪಟ್ಟಣ ಮಾತ್ರ ಮುಜುಗರ ಆಗಿತ್ತು.

ಹೋದ ಯುಗಾದಿಗೆ ಊರಿಗೆ ಹೋದಾಗ ಅಪ್ಪನನ್ನ ಕರೆದೆ. "ಬನ್ನಿ ಅಪ್ಪ, ಎಂ.ಜಿ. ರೋಡಲ್ಲಿ ಈಗ ಕೂರೋಕೆ ಜಾಗ ಮಾಡವ್ರೆ. ಕಾಫಿ ಹೌಸೂ ಅಲ್ಲೇ ಹಿಂದಿನ ಬೀದೀಲಿ ಐತೆ." ಅವರು ಕುರಿಗೆ ಸೊಪ್ಪು ಹಾಕ್ತಾ "ನಂಗೇನ್ ಕೆಲ್ಸ ಐತಪ್ಪ ಅಲ್ಲಿ" ಅಂದರು. ಮಂಡಿ ನೋವಿನಿಂದ ಹಾಗಂದರೋ, ಆ ದಿನದಿಂದ ಹಾಗಂದರೋ ಗೊತ್ತಾಗಲಿಲ್ಲ. ಕೇಳೋಕೆ ಧೈರ್ಯ ಬರಲಿಲ್ಲ. ಆ ದಿನದ ಬಗ್ಗೆ ನಾವಿಬ್ಬರೂ ಒಂದು ಸಲಾನೂ ಮಾತಾಡಿಲ್ಲ.

ಆ ಕೋಟು ಈಗಲೂ ಇದೆ. ಬೆಂಗಳೂರಿನ ಹವಾಮಾನಕ್ಕೆ ಅದು ಬೇಕಾಗೋದೇ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ಮತ್ತೆ ಕರೀಬೇಕು ಅಂದ್ಕೊಂಡಿದ್ದೀನಿ. ಆದರೆ ಅದಕ್ಕೆ ಮುಂಚೆ ಆ ದಿನದ ಮಾತು ಎತ್ತಬೇಕು. ಅದನ್ನ ಎತ್ತದೆ ಕರೆದರೆ ಅವರು ಹೊರಗೇ ನಿಂತ ಹಾಗೆ.